ಕಂಬಳಿಯ ಪಾಲಿನ ಚಾಕಲೇಟ್

ಉಮ್ಮಚಗಿ
12 ನವೆಂಬರ್ 2024

ಶಾರದವ್ವ ಅತ್ತಿಗೆಗೆ ಶಾಂಭವಿಯ ಶರಣು.

ಬಸ್ಸಿನಲ್ಲಿ ಕೊಟ್ಟು ಕಳಿಸಿದ ಡಬ್ಬಿಯನ್ನು ನೀನು ಈ ಕಾಗದಕ್ಕಿಂತ ಮೊದಲೇ ಬಿಚ್ಚಿರುತ್ತೀ, ನನಗೆ ಗೊತ್ತು. ಮುಚ್ಚಳ ಹಾಕು. ಮೊದಲು ಓದು. ಅದರಲ್ಲಿರುವುದು ಬೆಲ್ಲದ ಅಚ್ಚಲ್ಲ, ಚಾಕಲೇಟ್. ನಾವೇ ಮಾಡಿದ್ದು!

ಇಲ್ಲಿ ತೋಟಗಳಲ್ಲಿ ಕೋಕೋ ಗಿಡ ಇವೆಯಲ್ಲ, ಇಷ್ಟು ವರ್ಷ ಅದರ ಹಸಿ ಬೀಜವನ್ನು ಲಾರಿಗೆ ತುಂಬಿ ಕಳಿಸುತ್ತಿದ್ದರು. ಈ ಸಲ ಪಕ್ಕದ ಮನೆಯ ಮೇಧಾ ಎಂಬ ಹುಡುಗಿ ಎಲ್ಲಿಯೋ ಕಲಿತು ಬಂದು, ನಮ್ಮಂಥ ಕೆಲವು ಹೆಂಗಸರನ್ನು ಒಟ್ಟು ಸೇರಿಸಿದ್ದಾಳೆ. ಬೀಜ ಹುಳಿ ಬರಿಸಿ, ಒಣಗಿಸಿ, ಹುರಿದು, ಸಿಪ್ಪೆ ತೆಗೆದು ರುಬ್ಬುವುದು. ಬೆಲ್ಲ ಹಾಕುವುದು ಸ್ವಲ್ಪವೇ. ರುಬ್ಬುವ ಯಂತ್ರದ ಸದ್ದಿಗೆ ಉಳಿದವರಿಗೆ ತಲೆ ಸಿಡಿಯುತ್ತದಂತೆ. ಆದ್ದರಿಂದ ಅದರ ಪಕ್ಕ ಕೂರುವ ಕೆಲಸ ನನ್ನದು. ಯಂತ್ರದ ಮೇಲೆ ಅಂಗೈ ಇಟ್ಟುಕೊಂಡು ತಿರುಗುತ್ತಿದೆಯೋ ಇಲ್ಲವೋ ನೋಡುತ್ತೇನೆ. ಕಿವಿ ಹೋದದ್ದಕ್ಕೆ ಕೊನೆಗೂ ಒಂದು ಉಪಯೋಗ ಸಿಕ್ಕಿತು ನೋಡು.

ನಮ್ಮ ಮನೆಯವರು ಕಿರಾಣಿ ಅಂಗಡಿಯ ಗಲ್ಲಾದ ಹತ್ತಿರ ಕೂತು ಒಂದು ಚೂರು ಬಾಯಿಗೆ ಹಾಕಿಕೊಂಡರು. ಮುಖ ಕಿವಿಚಿ "ಇದಕಿಂತ ಕಷಾಯ ಚಲೋ" ಎಂದದ್ದು ತುಟಿ ನೋಡಿಯೇ ತಿಳಿಯಿತು. ನೀನು ತಿಂದು ಹೇಳು. ನಿನ್ನ ನಾಲಿಗೆಯ ಮೇಲೆ ನನಗೆ ನಂಬಿಕೆ.

ಹುರಿಯುವಾಗ ಬರುವ ವಾಸನೆಗೆ ಯಾಕೋ ಅಪ್ಪನ ಭಾನುವಾರಗಳು ನೆನಪಾದವು. ಅವ್ವ ಬೆಲ್ಲ ಹಾಕಿ ಹೂರಣ ಕಾಯಿಸುವಾಗ ಮನೆಯೆಲ್ಲ ಹಾಗೇ ಘಮ್ಮೆನ್ನುತ್ತಿತ್ತು. ಹೋಳಿಗೆ ಆದ ಕೂಡಲೇ ನಾನು ಕೈ ಚಾಚಿದರೆ ಅಪ್ಪ ಕೈ ಮೇಲೆ ಹೊಡೆದು, ಮೊದಲನೆಯದನ್ನು ಅಂಗಳಕ್ಕೆ ಒಯ್ಯುತ್ತಿದ್ದರು. ಅಲ್ಲಿ ನಾಯಿ ತಟ್ಟೆಯ ಮುಂದೆ ಕೂತಿರುತ್ತಿತ್ತು. ಕಪ್ಪು ನಾಯಿ, ಹೆಸರು ಕಂಬಳಿ. ಅದು ಸತ್ತರೆ ಅದರ ಮರಿಗೂ ಕಂಬಳಿಯೇ. "ಇವಾ ಮೈಲಾರಪ್ಪನ ಕಡಿಯಾಂವ. ಇವಂಗ ಮುರದು ಕೊಡಬಾರದು, ಇಡೀದು ಕೊಡಬೇಕು" ಎನ್ನುತ್ತಿದ್ದರು. ಆಮೇಲೆ ಎದೆ ತುಂಬ ಉಸಿರೆಳೆದು, ಮನೆದೇವರ ಹೆಸರಿನಲ್ಲಿ "ಏಳು ಕೋಟಿ ಏಳು ಕೋಟಿಗೋ…" ಎಂದು ಕೂಗುತ್ತಿದ್ದರು. ಆ ಕೂಗು ಮುಗಿಯುವ ತನಕ ನಾಯಿ ಬಾಯಿ ಹಾಕುತ್ತಿರಲಿಲ್ಲ. ಅಪ್ಪನ ನಂತರ ಅಣ್ಣ ಕೂಗಿದ. ಅಣ್ಣ ಹೋದ ಮೇಲೆ ಈ ಎರಡು ವರ್ಷ ನೀನು ಕೂಗುತ್ತಿದ್ದೀ. ಬೇರೆ ಮನೆದೇವರಿಂದ ಬಂದವಳು ನೀನು, ವೀರಭದ್ರನ ಒಕ್ಕಲು. ಆದರೂ ನಿಲ್ಲಿಸಲಿಲ್ಲ. ಅದಕ್ಕೆ ನಾನು ನಿನಗೆ ಯಾವತ್ತೂ ಒಂದು ಮಾತು ಹೇಳಿಲ್ಲ. ಈಗ ಹೇಳುತ್ತಿದ್ದೇನೆ, ತವರು ಅಂತ ನನಗೆ ಉಳಿದಿರುವುದು ಆ ಕೂಗೇ.

ಫೋನಿನಲ್ಲಿ ಮೆಸೇಜು ಹಾಕಿಕೊಳ್ಳಿ ಎಂದು ನಿನ್ನ ಮಗ ಚನ್ನಬಸವ ಹೇಳುತ್ತಿರುತ್ತಾನೆ. ಅದರಲ್ಲಿ ನಿನ್ನ ದನಿ ಇರುವುದಿಲ್ಲ. ನಿನ್ನ ಸೊಟ್ಟ ಅಕ್ಷರದಲ್ಲಿ ಇರುತ್ತದೆ.

ಒಂದು ಕೆಲಸ ಮಾಡು. ಬರುವ ಭಾನುವಾರ ಮೊದಲನೆಯ ಅಚ್ಚನ್ನು ನನ್ನ ಹೆಸರಿನಲ್ಲಿ ಕಂಬಳಿಗೆ ಕೊಡು. ಕೂಗಿ ಕೊಡು. ಹೇಗೆ ತಿಂದ, ಬಾಲ ಹೇಗೆ ಆಡಿಸಿದ, ಎಲ್ಲ ಬರೆ. ನಾನು ಕೇಳಿಸಿಕೊಂಡ ಹಾಗೆ ಆಗುತ್ತದೆ.

ನಿನ್ನ ಶಾಂಭವಿ


ಬನವಾಸಿ
20 ನವೆಂಬರ್ 2024

ಚಿರಂಜೀವಿ ಶಾಂಭವಿಗೆ ಶಾರದವ್ವನ ಆಶೀರ್ವಾದ.

ಡಬ್ಬಿ ಶನಿವಾರವೇ ಸಿಕ್ಕಿತು. ಕಾಗದಕ್ಕಿಂತ ಮೊದಲು ಬಿಚ್ಚಿದೆ, ಮುಚ್ಚಲಿಲ್ಲ. ಮೊದಲ ಕಡಿತಕ್ಕೆ ಕಹಿ. ಬಾಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡರೆ ಬೆಲ್ಲ ಮೆಲ್ಲಗೆ ಹೊರಗೆ ಬರುತ್ತದೆ. ನಿನ್ನ ಗಂಡನಿಗೆ ತಾಳ್ಮೆ ಇಲ್ಲ, ಅಷ್ಟೇ. ಚನ್ನಬಸವ ಅನಾನಸ್ ಗದ್ದೆಯಿಂದ ಬಂದವನು ಕೈ ತೊಳೆಯದೆ ಎರಡು ತಿಂದ.

ಇನ್ನೊಂದು ಸುದ್ದಿ ಇದೆ. ಮೊದಲೇ ಹೇಳಿಬಿಡುತ್ತೇನೆ, ಕಂಬಳಿ ಬದುಕಿದ್ದಾನೆ, ಚೇತರಿಸಿಕೊಳ್ಳುತ್ತಿದ್ದಾನೆ. ಈಗ ಮುಂದೆ ಓದು.

ನಾನು ಡಬ್ಬಿಯನ್ನು ಕೆಳಗಿನ ಹಲಗೆಯ ಮೇಲೆ ಇಟ್ಟಿದ್ದೆ. ಭಾನುವಾರ ಅವನು ಕದ್ದು ತಿಂದ. ಮಧ್ಯಾಹ್ನದ ಊಟ ಮುಗಿಯುವ ತನಕ ಏನೂ ಇರಲಿಲ್ಲ. ಆಮೇಲೆ ನೀರು ಕುಡಿಯಲು ಶುರು ಮಾಡಿದ. ದನಕ್ಕೆ ಇಟ್ಟ ಬಕೆಟ್ಟಿಗೂ ಬಾಯಿ ಹಾಕಿದ. ಕೂರಲೊಲ್ಲ, ಮಲಗಲೊಲ್ಲ, ಅಂಗಳವನ್ನು ಸುತ್ತಿದ್ದೇ ಸುತ್ತಿದ್ದು. ಎರಡು ಸಲ ಕಾರಿಕೊಂಡ. ಹಿಡಿದು ಕೂರಿಸಿದರೆ ಹಿಂಗಾಲು ನಡುಗುತ್ತಿತ್ತು. ಎದೆಗೆ ಕೈ ಇಟ್ಟೆ. ಗುಂಡಿಗೆ ಅಷ್ಟು ಜೋರಾಗಿ ಬಡಿದುಕೊಳ್ಳುವುದನ್ನು ನಾನು ಕಂಡಿರಲಿಲ್ಲ.

ಚನ್ನಬಸವ "ಅವ್ವಾ, ಉಪ್ಪಿನ ನೀರು ಕುಡಿಸೂಣೇನು, ಎಲ್ಲಾ ಹೊರಗ ಬರ್ತೈತಿ" ಎಂದ. ನಾನೂ ಉಪ್ಪಿನ ಗಡಿಗೆಗೆ ಕೈ ಹಾಕಿದ್ದೆ. ಅಷ್ಟರಲ್ಲಿ ಯಾವುದಕ್ಕೂ ಇರಲಿ ಎಂದು ಶಿರಸಿಯ ದನದ ಡಾಕ್ಟರ್ ಉಲ್ಲಾಸ ಅವರಿಗೆ ಫೋನು ಹಚ್ಚಿದ. ಅವರು ಬೈದೇಬಿಟ್ಟರು. "ಏನೂ ಕುಡಿಸಬ್ಯಾಡ್ರಿ. ಉಪ್ಪಿನ ನೀರಂತೂ ಬ್ಯಾಡೇ ಬ್ಯಾಡ, ಅದ ಬ್ಯಾರೆ ವಿಷ ಆಗ್ತೈತಿ. ಎಷ್ಟು ತಿಂದೈತಿ, ಯಾವಾಗ ತಿಂದೈತಿ, ನಾಯಿ ತೂಕ ಎಷ್ಟು, ಇಷ್ಟ ಹೇಳ್ರಿ. ಉಳದ ಚಾಕಲೇಟ್ ಡಬ್ಬಿ ಸಮೇತ ತಗೊಂಡು ಈಗಿಂದೀಗ ಬರ್ರಿ" ಎಂದರು.

ಅನಾನಸ್ ತುಂಬುವ ಗಾಡಿಯಲ್ಲಿ ಗೋಣಿಚೀಲ ಹಾಸಿ ಮಲಗಿಸಿದೆವು. ನಾನು ಹಿಂದೆ ಅವನ ಜೊತೆಯೇ ಕೂತೆ. ಡಾಕ್ಟರು ಚಾಕಲೇಟನ್ನು ಮುರಿದು ಮೂಸಿ ನೋಡಿದರು. ಅಂಗಡಿಯ ಹಾಲಿನ ಚಾಕಲೇಟ್ ಒಂದು ಚೂರು ಆಗಿದ್ದರೆ ಇಷ್ಟು ಹೆದರುತ್ತಿರಲಿಲ್ಲವಂತೆ. ಕಪ್ಪಾದಷ್ಟೂ, ಕಹಿಯಾದಷ್ಟೂ ನಾಯಿಗೆ ಕೆಟ್ಟದ್ದಂತೆ. ಅದರಲ್ಲಿರುವ ಒಂದು ಅಂಶ ನಮ್ಮ ಮೈಯಲ್ಲಿ ಬೇಗ ಕರಗುತ್ತದೆ, ನಾಯಿಯ ಮೈಯಲ್ಲಿ ಕರಗದೆ ಗುಂಡಿಗೆಗೆ ಹತ್ತುತ್ತದೆ ಎಂದು ಹೇಳಿದರು. ತಿಂದ ಕೂಡಲೇ ಹೋಗಿದ್ದರೆ ಕಾರಿಸುವ ಇಂಜೆಕ್ಷನ್ ಕೊಡುತ್ತಿದ್ದರಂತೆ. ನಡುಕ ಹತ್ತಿದ ಮೇಲೆ ಅದು ಮಾಡಬಾರದಂತೆ. ಇದ್ದಿಲಿನಂಥ ಕಪ್ಪು ಔಷಧಿಯನ್ನು ಅವರೇ ನಿಧಾನಕ್ಕೆ ಹೊಟ್ಟೆಗೆ ಇಳಿಸಿದರು, ಸಲೈನ್ ಹಚ್ಚಿದರು. ಮರುದಿನ ಮನೆಗೆ ಕಳಿಸಿದರು.

ನಿಮ್ಮ ಮೇಧಾಗೆ ಹೇಳು, ಮಾರುವ ಡಬ್ಬಿಯ ಮೇಲೆ ನಾಯಿಗೆ ಕೊಡಬಾರದು ಎಂದು ದೊಡ್ಡದಾಗಿ ಬರೆಸಲಿ. ಚಾಕಲೇಟ್ ಮಾತ್ರ ನಿಲ್ಲಿಸಬೇಡಿ. ಚೆನ್ನಾಗಿದೆ.

ಶಾರದವ್ವ


ಉಮ್ಮಚಗಿ
26 ನವೆಂಬರ್ 2024

ಅತ್ತಿಗೆಯವರಿಗೆ,

ನಿಮ್ಮ ಕಾಗದ ಮುಟ್ಟಿತು. ನಾಲ್ಕು ಸಲ ಓದಿದೆ. ಓದಿದಷ್ಟೂ ಸಿಟ್ಟು ಬಂತು.

ನಮ್ಮ ಮನೆಯ ಕಂಬಳಿ ಕದಿಯುವುದೆಂದರೇನು? ಅಪ್ಪನ ಕಾಲದಲ್ಲಿ ಹಪ್ಪಳ ಒಣಹಾಕಿದ ಚಾಪೆಯ ಮೇಲೆ ಕಂಬಳಿಯನ್ನು ಕಾವಲು ಕೂರಿಸುತ್ತಿದ್ದೆವು. ಅಂಥ ಮನೆಯ ನಾಯಿ ಕದಿಯುತ್ತದೆ ಎಂದರೆ ಅದರ ಹೊಟ್ಟೆಗೆ ಬಿದ್ದಿಲ್ಲ ಎಂದು ಅರ್ಥ. ಭಾನುವಾರ ಅವನ ಪಾಲು ಕೊಡಿ ಎಂದು ನಾನು ಬಾಯಿ ಬಿಟ್ಟು ಕೇಳಿದ್ದೆ. ಅದೊಂದನ್ನು ಹೊತ್ತಿಗೆ ಸರಿಯಾಗಿ ಕೊಟ್ಟಿದ್ದರೆ ಅವನು ಯಾಕೆ ಹಲಗೆಗೆ ಬಾಯಿ ಹಾಕುತ್ತಿದ್ದ? ಎಷ್ಟು ತಿಂದ ಎಂದೂ ಬರೆದಿಲ್ಲ. ಅರ್ಧ ಡಬ್ಬಿ ಖಾಲಿ ಮಾಡಿರಬೇಕು. ಒಂದು ಅಚ್ಚಿಗೆ ಇಷ್ಟೆಲ್ಲ ಆಗುತ್ತದೆಯೇ?

ನೀವು ಕೂಗುವುದನ್ನೂ ಬಿಟ್ಟಿದ್ದೀರಿ ಎಂದು ಕಾಣುತ್ತದೆ. ಹೌದಾದರೆ ಹೌದು ಎಂದು ಬರೆಯಬಹುದಿತ್ತು. ನನಗೆ ಕೇಳಿಸುವುದಿಲ್ಲವಲ್ಲ, ಇವಳಿಗೆ ಏನು ಗೊತ್ತಾಗುತ್ತದೆ ಎಂದುಕೊಂಡಿರಾ? ನೀವು ಮೊದಲಿನಿಂದಲೂ ನಾಯಿಯನ್ನು ಹೊಸ್ತಿಲು ದಾಟಲು ಬಿಟ್ಟವರಲ್ಲ. ಅಣ್ಣ ಇರುವ ತನಕ ಅಣ್ಣನಿಗಾಗಿ ಸಹಿಸಿದಿರಿ. ಈಗ ಯಾರಿಗಾಗಿ ಸಹಿಸಬೇಕು, ಅಲ್ಲವೇ?

ಕಂಬಳಿಯನ್ನು ನನಗೆ ಕೊಟ್ಟುಬಿಡಿ. ಇಲ್ಲಿ ನಾನು ನೋಡಿಕೊಳ್ಳುತ್ತೇನೆ. ಗಾಡಿ ಮಾಡಿಕೊಂಡು ಬಂದು ಕರೆದೊಯ್ಯುತ್ತೇನೆ. ಯಾವತ್ತು ಬರಲಿ, ಅಷ್ಟು ಬರೆಯಿರಿ ಸಾಕು.

ಶಾಂಭವಿ


ಬನವಾಸಿ
9 ಡಿಸೆಂಬರ್ 2024

ಚಿರಂಜೀವಿ ಶಾಂಭವಿಗೆ,

ಕಾಗದ ಮುಟ್ಟಿತು. ನೀನು ಬರೆದದ್ದರಲ್ಲಿ ಡಬ್ಬಿಯನ್ನು ಕೆಳಗೆ ಇಟ್ಟ ತಪ್ಪು ನನ್ನದೇ. ಬೇರೆಯದಕ್ಕೆ ಉತ್ತರ ಬರೆಯುವುದಿಲ್ಲ.

ನನ್ನನ್ನು ನೀವು ಎಂದು ಕರೆದಿದ್ದೀ. ನಾನು ಈ ಮನೆಗೆ ಬಂದಾಗ ನೀನು ಕನ್ನಡ ಸಾಲೆಯ ನಾಲ್ಕನೇ ಇಯತ್ತೆ. ಎರಡು ಜಡೆ, ಒಂದು ಕೈಯಲ್ಲಿ ಆಗಿನ ಕಂಬಳಿಯ ಹಗ್ಗ. ನಾನು ಅಕ್ಕಿ ತುಂಬಿದ ಸೇರು ಒದ್ದು ಒಳಗೆ ಕಾಲಿಡುವ ಮೊದಲೇ "ನೀ ನಾಯಿಗೆ ಅಂಜತೀಯೇನ?" ಎಂದು ಕೇಳಿದೆ. ಎಲ್ಲರೂ ನಕ್ಕರು. ನಾನು ಅಂಜುತ್ತಿದ್ದೆ. ಸಣ್ಣವಳಿದ್ದಾಗ ನನ್ನ ಮೀನಖಂಡಕ್ಕೆ ನಾಯಿ ಕಚ್ಚಿತ್ತು. ಆ ಗುರುತು ಈಗಲೂ ಇದೆ. ಹೊಸ್ತಿಲು ದಾಟಿಸದಿರುವುದಕ್ಕೆ ಕಾರಣ ಅದು. ನಿನಗೆ ಹೇಳಿರಲಿಲ್ಲ, ನಗುತ್ತೀ ಎಂದು.

ಕಂಬಳಿಗೆ ಇನ್ನೂ ನಿಶ್ಶಕ್ತಿ ಇದೆ. ಗಾಡಿಯ ಕುಲುಕಾಟ ಬೇಡ ಎಂದು ಡಾಕ್ಟರು ಹೇಳಿದ್ದಾರೆ. ಸಂಕ್ರಾಂತಿ ಕಳೆದ ಮೇಲೆ ಬಂದು ಕರೆದುಕೊಂಡು ಹೋಗು. ಅವನು ನಿನ್ನ ತವರಿನ ನಾಯಿ, ಬೇಡ ಎನ್ನಲು ನಾನು ಯಾರು.

ಮಲಗಲು ಅವನಿಗೆ ನಿಮ್ಮ ಅಣ್ಣನ ಹಳೆಯ ಶಾಲು ಬೇಕು. ಅದನ್ನೂ ಜೊತೆಗೆ ಕೊಡುತ್ತೇನೆ.

ಶಾರದವ್ವ


ಉಮ್ಮಚಗಿ
6 ಫೆಬ್ರವರಿ 2025

ಅತ್ತಿಗೆ,

ನೀನು ನನಗೆ ಸುಳ್ಳು ಬರೆದೆ.

ಇವತ್ತು ಬೆಳಿಗ್ಗೆ ಅಂಗಡಿಯ ಮುಂದೆ ಒಬ್ಬ ಗೊರವ ಬಂದಿದ್ದ. ಭಾರತ ಹುಣ್ಣಿಮೆ ಹತ್ತಿರ ಬಂತಲ್ಲ, ಮೈಲಾರಕ್ಕೆ ಹೊರಟವನು ಇಷ್ಟು ದೂರ ಹೇಗೆ ಬಂದನೋ. ಕರಿ ಕಂಬಳಿಯ ಅಂಗಿ, ಹಣೆ ತುಂಬ ಅರಿಶಿನದ ಭಂಡಾರ, ಕೈಯಲ್ಲಿ ಡಮರು. ಅವನ ಕೈ ಆಡುವುದು ಕಾಣುತ್ತಿತ್ತು, ಸದ್ದು ಇಲ್ಲ. ನಾನು ಅಕ್ಕಿ ತರಲು ಒಳಗೆ ತಿರುಗಬೇಕು, ಅಷ್ಟರಲ್ಲಿ ಅವನು ಕತ್ತು ಮೇಲೆ ಮಾಡಿ ಬಾಯಿ ತೆರೆದ. ತುಟಿ ಅಗಲವಾಯಿತು, ಕೊನೆಗೆ ಗುಂಡಗಾಗಿ ಹಾಗೇ ನಿಂತಿತು. ಅದೇ ಕೂಗು ಎಂದು ನನಗೆ ಗೊತ್ತಾಯಿತು ಅತ್ತಿಗೆ. ಕಿವಿಗೆ ಏನೂ ಬೀಳಲಿಲ್ಲ, ಆದರೆ ಮೈಯೆಲ್ಲ ಮುಳ್ಳೆದ್ದಿತು. ಅಪ್ಪ ಅಂಗಳದಲ್ಲಿ ನಿಂತ ಹಾಗೆ ಆಯಿತು. ನಾನು ಅಕ್ಕಿಯ ಮೊರ ಹಿಡಿದುಕೊಂಡು ನಡುಬೀದಿಯಲ್ಲಿ ಅತ್ತುಬಿಟ್ಟೆ. ನಮ್ಮ ಮನೆಯವರು ಓಡಿ ಬಂದು ಮೊರ ಹಿಡಿದುಕೊಂಡರು.

ಒಳಗೆ ಬಂದು ಕೂತ ಮೇಲೆ ಅಣ್ಣ ಹೋದ ದಿನದ ನೆನಪು ಬಂತು. ಅದೂ ಭಾನುವಾರವೇ, ನಾನೂ ಅಲ್ಲಿಯೇ ಇದ್ದೆನಲ್ಲ. ಯಾರೋ ಕಂಬಳಿಯ ತಟ್ಟೆಗೆ ಅನ್ನ ಹಾಕಿ ಹೋಗಿದ್ದರು. ಬೆಳಗಿನಿಂದ ಅವನು ತಟ್ಟೆಯ ಮುಂದೆ ಕೂತೇ ಇದ್ದ. ಜೊಲ್ಲು ಸುರಿಯುತ್ತಿತ್ತು, ಮುಟ್ಟಲಿಲ್ಲ. ಕೂಗುವವರು ಯಾರು? ಕೊನೆಗೆ ನೀನು ಒಳಗಿನಿಂದ ಎದ್ದು ಬಂದು, ಸೆರಗು ಬಾಯಿಗೆ ಅಡ್ಡ ಹಿಡಿದು, ಅಳುತ್ತಾ ಕೂಗಿದೆ. ಆಮೇಲೆ ತಿಂದ. ನನ್ನ ಕಿವಿ ಆಗ ಇನ್ನೂ ಅಲ್ಪಸ್ವಲ್ಪ ಇತ್ತು. ನಿನ್ನ ಒಡಕು ದನಿ ನಾನು ಕೇಳಿದ್ದೇನೆ.

ಹಸಿದು ಕೂತರೂ ಕೂಗದೆ ಅನ್ನ ಮುಟ್ಟದವನು ಹಲಗೆಯ ಮೇಲಿನ ಡಬ್ಬಿ ಮುಚ್ಚಳ ತೆಗೆದು ಕದ್ದನೇ? ಇಷ್ಟು ಸಣ್ಣ ಮಾತು ನನಗೆ ಎರಡು ತಿಂಗಳು ಹೊಳೆಯಲಿಲ್ಲ. ಸಿಟ್ಟು ಅಷ್ಟು ಚೆನ್ನಾಗಿತ್ತು.

ಯಾರೋ ಕೊಟ್ಟಿದ್ದಾರೆ. ಕೂಗಿ ಕೊಟ್ಟಿದ್ದಾರೆ. ಕೂಗಿ ಕೊಡು ಎಂದು ಹೇಳಿದ್ದು ಯಾರು ಎಂದು ಕೇಳಿದರೆ ಉತ್ತರ ನನಗೆ ಗೊತ್ತಿದೆ. ಆದರೂ ನಿನ್ನ ಕೈಯಿಂದ ಓದಬೇಕು. ಮುಂದಿನ ವಾರ ಕಂಬಳಿಯನ್ನು ತರಲು ಗಾಡಿ ಗೊತ್ತು ಮಾಡಿದ್ದೆ, ಬೇಡ ಎಂದು ಹೇಳಿ ಕಳಿಸಿದ್ದೇನೆ. ಆ ಭಾನುವಾರ ಏನಾಯಿತು ಬರೆ. ಮುಚ್ಚಿಡಬೇಡ. ನೀನು ಬರೆದಷ್ಟೇ ನನಗೆ ಕೇಳಿಸುವುದು.

ಶಾಂಭವಿ


ಬನವಾಸಿ
11 ಫೆಬ್ರವರಿ 2025

ಶಾಂಭವಿ,

ನೀನು ಎಂದು ಬರೆದೆಯಲ್ಲ, ಅಷ್ಟು ಸಾಕು. ಉಳಿದದ್ದನ್ನು ಬೈಗುಳ ಎಂದು ನಾನು ಎಣಿಸಲೇ ಇಲ್ಲ.

ಬರೆಯುತ್ತೇನೆ. ಆ ಭಾನುವಾರ ಸ್ನಾನ ಮಾಡಿ, ಜಗುಲಿಯ ಮೇಲೆ ನಿನ್ನ ಕಾಗದ ಇಟ್ಟು ಅಂಗಳಕ್ಕೆ ಇಳಿದೆ. ತವರು ಅಂತ ಉಳಿದಿರುವುದು ಈ ಕೂಗೇ ಎಂದು ಬರೆದಿದ್ದೀಯಲ್ಲ, ಅದನ್ನು ಎರಡು ಸಲ ಓದಿದ್ದೆ. ಒಂದೇ ಅಚ್ಚು ತೆಗೆದುಕೊಂಡೆ. ದೊಡ್ಡದು. ಮುರಿಯಬಾರದಲ್ಲ, ಇಡಿಯದನ್ನೇ ತಟ್ಟೆಯಲ್ಲಿಟ್ಟೆ. ಕೂಗಿದೆ.

ಅವನು ಮೂಸಿದ. ಮುಖ ತಿರುಗಿಸಿದ. ನನ್ನನ್ನು ನೋಡಿದ. ಅವನಿಗೆ ಬೇಡವಾಗಿತ್ತು ಶಾಂಭವಿ. ನಾನು ಏನೆಂದುಕೊಂಡೆ ಗೊತ್ತೇ? ನನ್ನ ಕೂಗು ಸರಿ ಬರಲಿಲ್ಲ, ಮಾವನವರ ಹಾಗೆ ಇರಲಿಲ್ಲ, ಅದಕ್ಕೇ ತಿನ್ನಲೊಲ್ಲ ಎಂದುಕೊಂಡೆ. ಇನ್ನೊಮ್ಮೆ ಕೂಗಿದೆ. ಇದ್ದ ಉಸಿರೆಲ್ಲ ಹಾಕಿ ಕೂಗಿದೆ. ಆಗ ಅವನು ಕಿವಿ ಹಿಂದೆ ಮಾಡಿ, ತಲೆ ತಗ್ಗಿಸಿ, ಪೂರ್ತಿ ತಿಂದ. ರುಚಿಗೆ ತಿಂದದ್ದಲ್ಲ. ನಾನು ಕೂಗಿದೆ ಎಂದು ತಿಂದ.

ಗಾಡಿಯಲ್ಲಿ ಶಿರಸಿಯ ತನಕ ಅವನ ತಲೆ ನನ್ನ ತೊಡೆಯ ಮೇಲಿತ್ತು. ನಾಯಿಗೆ ಅಂಜುವವಳು ನಾನು, ಅವತ್ತು ಅವನ ಬಾಯಿಯೊಳಗೆ ಬೆರಳು ಹಾಕಿ ಜೊಲ್ಲು ತೆಗೆದೆ. ಡಾಕ್ಟರು "ಹೆಂಗ ತಿಂತು?" ಎಂದು ಕೇಳಿದಾಗ ಚನ್ನಬಸವ ನನ್ನ ಮುಖ ನೋಡಿದ. ನಾನೇ "ನಾ ಕೊಟ್ಟೆರಿ" ಎಂದೆ. ಅವರು ಬೈಯಲಿಲ್ಲ. "ಗೊತ್ತಿಲ್ಲದ ಕೊಡತಾರ್ರೀ ಅಮ್ಮ, ಭಾಳ ಮಂದಿ ಪ್ರೀತಿಗೇ ಕೊಡತಾರ" ಎಂದರು.

ನಿನಗೆ ಹೇಗೆ ಬರೆಯಲಿ? ಜನ್ಮಕ್ಕೊಂದು ಸಲ ನೀನು ತವರಿಗೆ ಒಂದು ಸಿಹಿ ಮಾಡಿ ಕಳಿಸಿದ್ದೆ. ಅದೂ ನಿನ್ನ ಹೆಸರಿನಲ್ಲಿ ಕೊಟ್ಟದ್ದು. ಅದರಿಂದಲೇ ಹೀಗಾಯಿತು ಎಂದರೆ ನೀನು ಆ ಯಂತ್ರದ ಮೇಲೆ ಮತ್ತೆ ಕೈ ಇಡುತ್ತಿರಲಿಲ್ಲ. ಕದ್ದ ಎಂದರೆ ಯಾರಿಗೂ ನೋವಿಲ್ಲ, ನಾಯಿಗೆ ಮಾನಹಾನಿ ಇಲ್ಲ ಎಂದುಕೊಂಡೆ. ನಾಯಿಯ ಮಾನಕ್ಕೆ ನೀನು ಅಷ್ಟು ಜಗಳ ಕಾಯುತ್ತೀ ಎಂದು ನನಗೇನು ಗೊತ್ತು.

ಇನ್ನೂ ಒಂದಿದೆ. ಮುಚ್ಚಿಡಬೇಡ ಎಂದಿದ್ದೀ, ಅದಕ್ಕೆ ಬರೆಯುತ್ತೇನೆ. ಕಂಬಳಿಯ ಮೈ ಪೂರ್ತಿ ವಾಸಿಯಾಗಿದೆ. ಆದರೆ ಕೂಗಿದರೆ ಬರುವುದಿಲ್ಲ. ಆಸ್ಪತ್ರೆಯಿಂದ ಬಂದ ಮೇಲಿನ ಭಾನುವಾರ ಬಿಸಿ ರೊಟ್ಟಿ ಇಟ್ಟು ಕೂಗಿದೆ. ಬಾಲ ಕಾಲ ನಡುವೆ ಹಾಕಿಕೊಂಡು ಹುಲ್ಲಿನ ಬಣವೆಯ ಹಿಂದೆ ಹೋಗಿ ಕೂತ. ಅದರ ಮುಂದಿನ ವಾರವೂ ಹಾಗೇ. ಚನ್ನಬಸವ ಕೂಗಿ ನೋಡಿದ, ಅವನಿಗೂ ಅದೇ ಗತಿ. ಈಗ ನಾನು ತಟ್ಟೆ ಇಟ್ಟು ಒಳಗೆ ಬಂದು ಬಾಗಿಲು ಮುಚ್ಚಿಕೊಳ್ಳುತ್ತೇನೆ. ಯಾರೂ ಇಲ್ಲದಾಗ ಬಂದು ತಿನ್ನುತ್ತಾನೆ. ಕೂಗುವುದನ್ನು ಬಿಟ್ಟಿದ್ದೀರಿ ಎಂದು ಬರೆದಿದ್ದೆಯಲ್ಲ. ನೀನು ಬರೆದಾಗ ಬಿಟ್ಟಿರಲಿಲ್ಲ. ಈಗ ಬಿಟ್ಟಿದ್ದೇನೆ.

ಮೂರು ತಲೆಯಿಂದ ಬಂದದ್ದು ನನ್ನ ಬಾಯಲ್ಲಿ ನಿಂತುಹೋಯಿತು. ಈ ಮನೆಗೆ ಹೊರಗಿನಿಂದ ಬಂದವಳು ನಾನು, ನನ್ನಿಂದಲೇ ನಿಲ್ಲಬೇಕಿತ್ತೇ ಎಂದು ಅನ್ನಿಸುತ್ತದೆ. ಬೇರೆ ಏನೂ ಮುಚ್ಚಿಟ್ಟಿಲ್ಲ.

ಶಾರದವ್ವ


ಉಮ್ಮಚಗಿ
15 ಫೆಬ್ರವರಿ 2025

ನನ್ನ ಅತ್ತಿಗೆಗೆ,

ಹೊರಗಿನವಳು ಎಂದು ಇನ್ನೊಮ್ಮೆ ಬರೆದರೆ ಕಾಗದವನ್ನೇ ಹರಿದು ಒಲೆಗೆ ಹಾಕುತ್ತೇನೆ. ಆ ಮನೆಯಿಂದ ಹೊರಗೆ ಬಂದವಳು ನಾನು.

ಕೊಟ್ಟವಳು ನೀನಲ್ಲ. ನಾನು ಕೊಟ್ಟದ್ದು, ನಿನ್ನ ಕೈಯಿಂದ. ಇಬ್ಬರಿಗೂ ಗೊತ್ತಿರಲಿಲ್ಲ. ಹೀಗೆ ಬರೆಯಲು ಸುಲಭ. ರಾತ್ರಿ ಊಟಕ್ಕೆ ಕೂತಾಗ ಅವನು ತಲೆ ತಗ್ಗಿಸಿ ತಿಂದದ್ದು ಕಣ್ಣ ಮುಂದೆ ಬರುತ್ತದೆ, ತುತ್ತು ಇಳಿಯುವುದಿಲ್ಲ. ಅಪ್ಪನ ಕಾಲ ಮತ್ತೊಮ್ಮೆ ಬೇಕು ಎಂದು ಆಸೆಪಟ್ಟವಳು ನಾನು, ಅದನ್ನು ನುಂಗಿದವನು ಅವನು.

ಮೇಧಾಗೆ ಎಲ್ಲ ಹೇಳಿದೆ. ಅವಳು ಹಣೆ ಹಣೆ ಚಚ್ಚಿಕೊಂಡು, ಫೋನಿನಲ್ಲಿ ದೊಡ್ಡದಾಗಿ ಬರೆದು ತೋರಿಸಿದಳು, "ಎಂತ ಅಕ್ಕಾ, ಇದನ್ನ ನಾನೇ ಮೊದಲ ದಿನ ಹೇಳಬೇಕಾಗಿತ್ತು!" ಹೊಸ ಡಬ್ಬಿಗೆ ಚೀಟಿ ಅಂಟಿಸುತ್ತಿದ್ದೇವೆ. ಅದರ ಮಾತು ನಾನು ಬರೆದದ್ದು. "ಇದು ಮನುಷ್ಯರ ಸಿಹಿ. ನಾಯಿಗೆ ವಿಷ, ಚೂರೂ ಕೊಡಬೇಡಿ. ತಿಂದಿದ್ದರೆ ಮನೆಮದ್ದು ಮಾಡುತ್ತ ಕೂರದೆ, ಈ ಡಬ್ಬಿ ಹಿಡಿದು ಕೂಡಲೇ ದನದ ಡಾಕ್ಟರ ಹತ್ತಿರ ಓಡಿ."

ಮುಂದಿನ ಭಾನುವಾರ ಬರುತ್ತೇನೆ. ಗಾಡಿಯಲ್ಲಿ ಅಲ್ಲ, ಬಸ್ಸಿನಲ್ಲಿ. ಕಂಬಳಿಯನ್ನು ಕರೆದುಕೊಂಡು ಹೋಗಲು ಅಲ್ಲ. ಅವನ ಮುಂದೆ ಸ್ವಲ್ಪ ಹೊತ್ತು ಕೂರಬೇಕು. ರೊಟ್ಟಿ ಮಾಡಿಡು. ಕೂಗುವುದಿಲ್ಲ, ಹೆದರಬೇಡ.

ಶಾಂಭವಿ


ಬನವಾಸಿ
24 ಫೆಬ್ರವರಿ 2025

ಶಾಂಭವಿಗೆ ಶಾರದವ್ವನ ಆಶೀರ್ವಾದ.

ನೀನು ನಿನ್ನೆಯಷ್ಟೇ ಬಂದು ಹೋದವಳು. ಇವತ್ತೇ ಇವಳೇನು ಕಾಗದ ಬರೆಯುತ್ತಾಳೆ ಎನ್ನಬೇಡ. ನಿನಗೆ ಗೊತ್ತಾಗದ ಒಂದು ಸಂಗತಿ ಇದೆ.

ಅದಕ್ಕೂ ಮೊದಲು, ನೀನು ಅಂಗಳದಲ್ಲಿ ನೆಲಕ್ಕೆ ಕೂತದ್ದನ್ನು ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಬಣವೆಯ ಹಿಂದಿನಿಂದ ಅವನ ಮೂಗು ಮಾತ್ರ ಕಾಣುತ್ತಿತ್ತು. ನೀನು ರೊಟ್ಟಿ ಮುರಿದು ಮೊದಲ ತುತ್ತು ನಿನ್ನ ಬಾಯಿಗೆ ಹಾಕಿಕೊಂಡೆ. ಈ ಮನೆಯಲ್ಲಿ ಭಾನುವಾರ ನಾಯಿಗಿಂತ ಮೊದಲು ತಿಂದವರನ್ನು ನಾನು ಕಂಡಿಲ್ಲ. ನೀನು ಅವಸರ ಮಾಡದೆ ಅಗಿದೆ, ಅವನು ನೋಡಲಿ ಎಂದು. ನುಂಗಿದೆ. ಆಮೇಲೆ ಉಳಿದದ್ದನ್ನು ಅಂಗೈಯಲ್ಲಿ ಹಿಡಿದು ಸುಮ್ಮನೆ ಕೂತೆ. ಎಷ್ಟು ಹೊತ್ತು ಕೂತೆಯೋ. ನನ್ನ ಒಲೆಯ ಮೇಲಿನ ಬದನೆಕಾಯಿ ಸೀದುಹೋಯಿತು, ನೀನು ಊಟಕ್ಕೆ ಕೂತಾಗ ಕೇಳಿದೆಯಲ್ಲ ಯಾಕೆ ಹೀಗಾಗಿದೆ ಎಂದು, ಅದಕ್ಕೇ. ಅವನು ನಿನ್ನ ಬಾಯಿ ಮೂಸಿ, ಕೈ ಮೂಸಿ, ರೊಟ್ಟಿ ತೆಗೆದುಕೊಂಡ. ನೀನು ಅವನ ಕತ್ತಿಗೆ ಮುಖ ಒತ್ತಿಕೊಂಡೆ. ನಾನು ಆಗ ಹೊರಗೆ ಬರಲಿಲ್ಲ. ಅದು ನಿಮ್ಮಿಬ್ಬರ ಹೊತ್ತು ಎಂದು ಬಿಟ್ಟೆ.

ಈಗ ನಿನಗೆ ಗೊತ್ತಿಲ್ಲದ್ದು. ಸಂಜೆ ನೀನು ಬಸ್ಸು ಹತ್ತಿದೆ. ನಾನೂ ಅವನೂ ನಮ್ಮ ಮನೆಯ ಮುಂದೆ ರಸ್ತೆಯ ಬದಿಗೆ ನಿಂತಿದ್ದೆವು. ಬಸ್ಸು ಕೆರೆಯ ಏರಿಗೆ ತಿರುಗುವಾಗ ನೀನು ಕಿಟಕಿಯಿಂದ ತಲೆ ಹೊರಗೆ ಹಾಕಿದೆ, ಕೈ ಬೀಸಿದೆ. ಹೋಗಿ ಬರ್ತೀನಿ ಎನ್ನುತ್ತೀ ಎಂದುಕೊಂಡೆ. ನೀನು ಕೂಗಿದೆ. ಕೂಗುವುದಿಲ್ಲ ಎಂದು ಬರೆದವಳು ಕೂಗಿಯೇಬಿಟ್ಟೆ! ನಿನಗೆ ಅದು ಬಾಯೊಳಗೆ ಗುನುಗಿಕೊಂಡ ಹಾಗೆ ಇತ್ತೋ ಏನೋ. ಇಡೀ ಬಸ್ಸು ತಿರುಗಿ ನೋಡಿತು. ಕಂಡಕ್ಟರು ಸೀಟಿ ಬಾಯಲ್ಲಿ ಹಾಗೇ ಹಿಡಿದು ನಿಂತ. ಶಾಂಭವಿ, ನನ್ನದು ಒಡಕು ದನಿ. ನಿನ್ನದು ಹಾಗಲ್ಲ. ಮಾವನವರದೇ. ಕೊನೆಯ "ಗೋ" ಎಳೆಯುವಾಗ ಸ್ವಲ್ಪ ಮೇಲಕ್ಕೆ ಹೋಗಿ ಇಳಿಯುತ್ತಿತ್ತಲ್ಲ, ಅದೂ ಇತ್ತು.

ನಾನು ಹೆದರಿ ಕಂಬಳಿಯ ಕತ್ತಿಗೆ ಕೈ ಹಾಕಿದೆ, ಬಣವೆಗೆ ಓಡುತ್ತಾನೆ ಎಂದು. ಅವನು ಕಿವಿ ನಿಮಿರಿಸಿದ. ಕೊಸರಿಕೊಂಡು ಬಸ್ಸಿನ ಹಿಂದೆ ಏರಿಯ ತನಕ ಓಡಿದ. ಬಸ್ಸು ಮರೆಯಾದ ಮೇಲೆ ತಿರುಗಿ ಬಂದ. ನನ್ನನ್ನು ದಾಟಿ ಅಂಗಳಕ್ಕೆ ಹೋದ. ಹೋಗಿ ತಟ್ಟೆಯ ಮುಂದೆ ಕೂತ.

ತಟ್ಟೆ ಖಾಲಿ. ತೊಳೆದು ಬೋರಲು ಹಾಕಿದ್ದೆ. ಅವನು ಅದರ ಮುಂದೆ ನೆಟ್ಟಗೆ ಕೂತು ನನ್ನ ಕಡೆಗೆ ನೋಡುತ್ತಿದ್ದಾನೆ. ನಾನು ಈ ನೋವಿನ ಮಂಡಿ ಹೊತ್ತುಕೊಂಡು ಎಷ್ಟು ಓಡಿದೆನೋ ನನಗೇ ಗೊತ್ತು. ರೊಟ್ಟಿ ತಂದೆ. ನಿನ್ನಂತೆ ಮೊದಲು ಒಂದು ತುತ್ತು ಮುರಿದು ನಾನು ತಿಂದೆ, ಅವನಿಗೆ ಕಾಣುವ ಹಾಗೆ. ಉಳಿದದ್ದನ್ನು ತಟ್ಟೆಗೆ ಹಾಕಿದೆ. ಇಡಿಯದಲ್ಲ, ಎಂಜಲು. ಮಾವನವರು ಇದ್ದಿದ್ದರೆ ಬೈಯುತ್ತಿದ್ದರು, ಬೈದುಕೊಳ್ಳಲಿ. ಅವನು ಬಾಲ ನೆಲಕ್ಕೆ ಬಡಿಯುತ್ತಾ ತಿಂದ.

ಹೇಗೆ ತಿಂದ, ಬಾಲ ಹೇಗೆ ಆಡಿಸಿದ ಎಂದು ನವೆಂಬರಿನಲ್ಲಿ ಕೇಳಿದ್ದೆಯಲ್ಲ. ಹೀಗೆ. ನೀನು ಕೂಗಿದ್ದು ನಿನಗೆ ಕೇಳಿಸಿರಲಿಕ್ಕಿಲ್ಲ. ಅವನಿಗೆ ಕೇಳಿಸಿತು.

ನಿನ್ನ ಅತ್ತಿಗೆ